ಪೊಲೀಸಮ್ಮ ಚೊಕ್ಕ ಮಾಡಿದ ಟ್ರೇಗಳು

ಅವಳಿಗೆ ಪೊಲೀಸಮ್ಮ ಎಂದು ಹೆಸರಿಟ್ಟವಳು ಟ್ರೇ ಅಕ್ಕ. ಹೂವಿನ ಬೀಜ ತಯಾರಿಸುವ ಆ ಕಂಪನಿಯ ಗಾಜಿನಮನೆಗಳಲ್ಲಿ ಟ್ರೇ ತೊಳೆದು, ಗುಳಿಗಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಸಾಸಿವೆಗಿಂತ ಸಣ್ಣ ಬೀಜಗಳನ್ನು ಗುಳಿಗೊಂದರಂತೆ ಉದುರಿಸುವುದು ಟ್ರೇ ಅಕ್ಕನ ಕೆಲಸ. ಹುಟ್ಟಿದ ಸಸಿಗಳಲ್ಲಿ ತಳಿಗೆ ಸೇರದ್ದನ್ನು ಕಂಡುಹಿಡಿದು ಕಿತ್ತೆಸೆಯುವುದು ಇವಳ ಕೆಲಸ. ಬೆರಕೆ ಕೀಳುವುದು ಎಂದು ಅಲ್ಲಿಯವರು ಅದಕ್ಕೆ ಹೇಳುತ್ತಿದ್ದರು. ಬೆರಕೆ ಗಿಡ ಹೂಬಿಟ್ಟರೆ ಕೆಟ್ಟಿತು, ಅದರ ಪರಾಗ ಪಕ್ಕದವಕ್ಕೂ ತಾಗಿ ಬೀಜವೆಲ್ಲ ಕಲಬೆರಕೆಯಾಗುತ್ತದೆ. ಹಾಗಾಗಿ ಮೊಗ್ಗು ಬರುವ ಮೊದಲೇ ಹಿಡಿಯಬೇಕು.

ಅವಳ ಪಾಲಿಗೆ ಬಂದದ್ದು ಪೆಟೂನಿಯ. ಕಡುಗೆಂಪು ಹೂವಿನ ಒಂದು ತಳಿ. ನೋಡಲು ರಾಣಿಯಂತಿದ್ದರೂ ಅದಕ್ಕೊಂದು ಕೆಟ್ಟ ಚಾಳಿಯಿತ್ತು. ಕೆಂಪು ಗಿಡದ ಬೀಜ ಬಿತ್ತಿದರೂ ನಡುನಡುವೆ ಒಂದೊಂದು ಬಿಳಿ ಹೂವಿನ ಗಿಡ ಹುಟ್ಟಿಬಿಡುತ್ತಿತ್ತು. ಕೆಂಪು ಹೂ ಬಿಡುವ ಸಸಿಯ ಕಾಂಡದ ಬುಡದಲ್ಲಿ ನೇರಳೆಯ ಒಂದು ತೆಳು ಛಾಯೆ ಇರುತ್ತದೆ. ಬಿಳಿಯದಕ್ಕೆ ಬುಡದಿಂದ ತುದಿಯವರೆಗೆ ಬರೀ ಹಸಿರು. ಎಲೆ ಉಗುರಿನಷ್ಟಾಗುವಾಗ ಉಳಿದವರು ಕುಕ್ಕರುಗಾಲಲ್ಲಿ ಕುಳಿತು, ಟ್ರೇ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಇದನ್ನು ಹುಡುಕುತ್ತಿದ್ದರೆ ಅವಳು ನಡೆದುಹೋಗುತ್ತಲೇ ಬಾಗಿ ಚಿಮ್ಮಟಿಗೆಯಿಂದ ಎಳೆದುಬಿಡುತ್ತಿದ್ದಳು.

"ಇವಳ ಕಣ್ಣಿಗೆ ಬಿದ್ದೋರಿಗೆ ಜಾಮೀನೂ ಇಲ್ಲ, ವಿಚಾರಣೆಯೂ ಇಲ್ಲ," ಎನ್ನುತ್ತಿದ್ದಳು ಟ್ರೇ ಅಕ್ಕ. "ಅಮ್ಮಾ ಪೊಲೀಸಮ್ಮ, ನನ್ನ ಗಂಡನ್ನೂ ಒಂದ್ಸಲ ನೋಡಿ ಹೇಳು. ಬುಡದಲ್ಲಿ ಬಣ್ಣ ಇದೆಯೋ ಇಲ್ವೋ ನಂಗಂತೂ ಇವತ್ತಿನವರೆಗೂ ತಿಳೀಲಿಲ್ಲ."

ಕಿತ್ತ ಮೇಲೆ ಇನ್ನೊಂದು ಕೆಲಸವಿತ್ತು. ಖಾಲಿಯಾದ ಗುಳಿಗೆ ಒಂದು ಕೆಂಪು ಸಸಿ ತಂದು ನೆಡುವುದು. ಟ್ರೇಯಲ್ಲಿ ಹಲ್ಲುದುರಿದ ಬಾಯಿಯಂತೆ ತೂತು ಕಾಣಬಾರದು. ಅವಳ ಕೈಯಿಂದ ಹೊರಬಂದ ಟ್ರೇಯನ್ನು ನೋಡಿದರೆ ಅಲ್ಲಿ ಯಾವತ್ತೂ ಏನೂ ನಡೆದೇ ಇಲ್ಲವೇನೋ ಅನ್ನಿಸಬೇಕು. ಅಷ್ಟು ಚೊಕ್ಕ. ಸಂಜೆಯ ಹೊತ್ತಿಗೆ ಪೆಟೂನಿಯ ಎಲೆಯ ಅಂಟು ಬೆರಳಿಗೆಲ್ಲ ಮೆತ್ತಿಕೊಂಡು ಕಪ್ಪಾಗಿರುತ್ತಿತ್ತು. ಮನೆಗೆ ಹೊರಡುವ ಮೊದಲು ಅವಳು ಸೋಪು ಹಾಕಿ, ಬ್ರಷ್ಷಿನಲ್ಲಿ ತಿಕ್ಕಿ, ಮತ್ತೆ ಸೋಪು ಹಾಕಿ ತೊಳೆಯುತ್ತಿದ್ದಳು. ಆ ಕೈಯಲ್ಲಿ ಮಗುವನ್ನು ಮುಟ್ಟಬೇಕಲ್ಲ.

ಮಗುವಿನ ವಿಷಯದಲ್ಲಿ ಅವಳದು ಮೊದಲಿನಿಂದಲೂ ಪುಕ್ಕಲು ಜೀವ. ಗುಬ್ಬಿ ಎಂದು ಕರೆಯುತ್ತಿದ್ದ ಮಗಳಿಗೆ ಎರಡು ತುಂಬಿ ಕೆಲವು ತಿಂಗಳಾಗಿತ್ತು. ಕೆಮ್ಮಿದರೆ ಎದೆಗೆ ಕಿವಿಯಿಟ್ಟು ಕೇಳುವಳು. ಕೆಮ್ಮದಿದ್ದರೆ ಯಾಕೆ ಇಷ್ಟು ಸುಮ್ಮನಿದೆ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವಳು. ಫೋನಿನಲ್ಲಿ ಮಕ್ಕಳ ತೂಕ, ಎತ್ತರ, ಹಲ್ಲು ಹುಟ್ಟುವ ಕ್ರಮ ಎಲ್ಲವನ್ನೂ ಓದುವಳು, ಓದಿದಷ್ಟೂ ಹೆದರುವಳು. ಆದರೆ ಒಂದು ವಿಷಯವನ್ನು ಮಾತ್ರ ಅವಳು ಎಲ್ಲಿಯೂ ಹುಡುಕಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಗುಬ್ಬಿ ಇನ್ನೂ ಮಾತಾಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ.

ಅದು ಇನ್ನೊಬ್ಬರಿಗೆ ಕಾಣದ ಹಾಗೆ ಅವಳು ಯಾವಾಗಿನಿಂದ ನೋಡಿಕೊಳ್ಳತೊಡಗಿದಳೋ ಅವಳಿಗೇ ಗೊತ್ತಿಲ್ಲ. ಮಗುವನ್ನು ಯಾರಾದರೂ ಕರೆದರೆ ಇವಳು ಕಾಲಿನಿಂದ ನೆಲವನ್ನು ಮೆಲ್ಲನೆ ತಟ್ಟುವಳು, ಅದರ ಅದುರು ತಿಳಿದು ಮಗು ತಲೆಯೆತ್ತುವುದು. ಇಲ್ಲವೇ ಭುಜ ಸವರುವಳು, ಕಣ್ಣಲ್ಲೇ ಅತ್ತ ತೋರಿಸುವಳು. ಗುಬ್ಬಿ ಚುರುಕು. ಅಮ್ಮನ ಹುಬ್ಬು ನೋಡಿಯೇ ಯಾವ ಕಡೆ ತಿರುಗಬೇಕು ಎಂದು ಕಲಿತುಬಿಟ್ಟಿತ್ತು. ನೆರೆಯವರು "ಎಷ್ಟು ಸಾಧು ಮಗು" ಎಂದರೆ ಇವಳು "ನಾಚಿಕೆ ಜಾಸ್ತಿ" ಎಂದು ನಕ್ಕುಬಿಡುವಳು.

ಮನೆಯಲ್ಲಿ ಅನುಮಾನ ಬರಬೇಕಾಗಿದ್ದದ್ದು ಅತ್ತೆಗೆ. ಆದರೆ ಅತ್ತೆ ವಯಸ್ಸೆಲ್ಲ ಬಟ್ಟೆಯ ಮಿಲ್ಲಿನಲ್ಲಿ ಯಂತ್ರಗಳ ಗದ್ದಲದ ನಡುವೆ ಕಳೆದವರು. ಅವರು ಉಪ್ಪು ಕೊಡು ಎಂದರೂ ಕೆಳಗಿನ ಮನೆಯವರು ಬೆಚ್ಚಿಬೀಳಬೇಕು. ಅವರು "ಗುಬ್ಬೀ!" ಎಂದರೆ ಮಗು ಥಟ್ಟನೆ ತಿರುಗಿ ಓಡಿಹೋಗುತ್ತಿತ್ತು. "ನೋಡು, ಅಜ್ಜಿ ಅಂದ್ರೆ ಪ್ರಾಣ ಇದಕ್ಕೆ," ಎಂದು ಅತ್ತೆ ಬೀಗುವರು. ಇವಳು ಮೆಲುದನಿಯವಳು. ಹತ್ತು ಸಲ ಕರೆದರೂ ಮಗು ತನ್ನ ಕಡೆ ನೋಡದು, ಅತ್ತೆಯ ಒಂದು ಕೂಗಿಗೆ ಓಡುತ್ತದೆ. ತಾನು ಇಡೀ ದಿನ ಕೆಲಸಕ್ಕೆ ಹೋಗುವುದಕ್ಕೇ ಹೀಗಾಯಿತು ಎಂದುಕೊಳ್ಳುತ್ತಿದ್ದಳು. ನಿಜ ನುಂಗುವುದಕ್ಕಿಂತ ಆ ಸಂಕಟ ನುಂಗುವುದು ಸುಲಭವಾಗಿತ್ತು.

ಚುಚ್ಚುಮದ್ದು ಹಾಕಿಸಲು ಹೋದಾಗ ಅಲ್ಲಿನ ನರ್ಸು ಕೇಳಿದ್ದಳು, "ಹೆಸರು ಕರೆದ್ರೆ ತಿರುಗ್ತಾಳಾ?"

"ಓ, ತಿರುಗ್ತಾಳೆ."

ನರ್ಸು ಅವಳ ಮುಖವನ್ನೊಮ್ಮೆ, ಮಗುವಿನ ಮುಖವನ್ನೊಮ್ಮೆ ನೋಡಿದಳು. "ಆಗ್ಲಿ, ಆದ್ರೂ ಒಂದ್ಸಲ ಕಿವಿ ಪರೀಕ್ಷೆ ಮಾಡಿಸಿಬಿಡಿ. ಬೇಗ ಗೊತ್ತಾದಷ್ಟೂ ಒಳ್ಳೇದು," ಎಂದು ದಿನ ಗೊತ್ತು ಮಾಡಿಕೊಟ್ಟಳು. ಆ ದಿನ ಇವಳು ಮಗುವಿಗೆ ನೆಗಡಿ ಎಂದಳು. ಮುಂದಿನ ಸಲ ತನಗೆ ರಜೆ ಇಲ್ಲ ಎಂದಳು. ದಿನ ನೆನಪಿಸಲು ಆಸ್ಪತ್ರೆಯಿಂದ ಫೋನಿಗೆ ಬರುವ ಸಂದೇಶಗಳನ್ನು ಗಂಡ ನೋಡುವ ಮೊದಲೇ ಅಳಿಸಿಹಾಕತೊಡಗಿದಳು.

ಅಂಥದ್ದೊಂದು ಸಂದೇಶ ಬಂದ ಬೆಳಿಗ್ಗೆಯೇ ತಳಿ ಮೇಡಂ ಎಲ್ಲರನ್ನೂ ಗಾಜಿನಮನೆಯಲ್ಲಿ ಸೇರಿಸಿದ್ದು. ಹೊಸ ತಳಿಗಳನ್ನು ರೂಪಿಸುವ ಜವಾಬ್ದಾರಿ ಅವರದು. ಸದಾ ಕೋಟಿನ ಕಿಸೆಯಲ್ಲಿ ಪರಾಗ ಮುಟ್ಟಿಸುವ ಕುಂಚ ಇಟ್ಟುಕೊಂಡೇ ಓಡಾಡುವ ಹೆಂಗಸು.

"ನಾವು ಎಷ್ಟು ವರ್ಷ ಬಿಳೀದು ಕಿತ್ರೂ ಬಿಳೀದು ಹುಟ್ತಾನೇ ಇದೆ," ಎಂದರು ಮೇಡಂ. "ಯಾಕೆ? ಬಿಳಿ ಇರೋದು ಬಿಳಿ ಗಿಡದಲ್ಲಿ ಮಾತ್ರ ಅಲ್ಲ. ಕೆಲವು ಕೆಂಪು ಗಿಡದ ಹೊಟ್ಟೇಲೂ ಬಿಳಿ ಅಡಗಿರುತ್ತೆ, ಹೊರಗೆ ಕಾಣಲ್ಲ. ಅದಕ್ಕೇ ಈ ಸಲ ಒಂದೊಂದು ಕೆಂಪು ಗಿಡಕ್ಕೂ ಅದರದೇ ಪರಾಗ ಮುಟ್ಟಿಸಿ ಬೀಜ ತೆಗೆದಿದ್ದೀನಿ. ಒಂದು ತಾಯಿಗೆ ಒಂದು ಟ್ರೇ. ಯಾವ ಟ್ರೇಲಿ ಬಿಳಿ ಸಸಿ ಹುಟ್ಟುತ್ತೋ ಆ ತಾಯಿ ನಮಗೆ ಬೇಡ. ಎಲ್ಲಾ ಕೆಂಪೇ ಹುಟ್ಟಿದ ತಾಯಿ ಸಿಕ್ಕಿದ್ರೆ ಅದರ ಕುಡಿ ಕತ್ತರಿಸಿ ನೆಟ್ಟು ನೂರಾರು ಮಾಡೋಣ. ಬೀಜದಿಂದ ಅಲ್ಲ, ಕುಡಿಯಿಂದಾನೇ. ಅಷ್ಟೂ ಆ ತಾಯಿಯ ತದ್ರೂಪಿಗಳು. ಆಮೇಲೆ ಬಿಳಿಯ ಕಾಟವೇ ಇಲ್ಲ. ಹಾಗಾಗಿ ಈ ಟ್ರೇಗಳನ್ನ ಯಾರೂ ಮುಟ್ಟಬಾರದು, ನಾನು ಊರಿಂದ ಬಂದು ನೋಡ್ತೀನಿ."

ಪೊಲೀಸಮ್ಮನೂ ಅಲ್ಲೇ ನಿಂತಿದ್ದಳು. ಮೇಡಂ ಹೇಳಿದ್ದು ಅವಳ ತಲೆಗೆ ಹೋಗಲಿಲ್ಲ. ಅವಳ ಹೆಬ್ಬೆರಳು ಕಿಸೆಯೊಳಗಿನ ಫೋನಿನ ಮೇಲಿತ್ತು. ಈ ಸಂದೇಶವನ್ನು ಅಳಿಸಿದೆನೋ ಇಲ್ಲವೋ ಎಂಬ ಯೋಚನೆ.

ಮೇಡಂ ಊರಿಗೆ ಹೋದರು. ಸಸಿಗಳು ಎದ್ದವು. ಪೊಲೀಸಮ್ಮನ ಕಾಲು ರೂಢಿಯಂತೆ ಸಾಲಿನ ಉದ್ದಕ್ಕೂ ನಡೆಯಿತು, ಕಣ್ಣು ರೂಢಿಯಂತೆ ಹಸಿರು ಕಾಂಡ ಹುಡುಕಿತು, ಕೈ ರೂಢಿಯಂತೆ ಎಳೆಯಿತು. ಈ ಸಲ ಬಿಳಿಯವು ಯಾಕೋ ಜಾಸ್ತಿ ಇವೆಯಲ್ಲ ಎಂದು ಒಮ್ಮೆ ಅನ್ನಿಸಿತು ಕೂಡ. ಕೆಲವು ಟ್ರೇಗಳಲ್ಲಿ ನಾಲ್ಕರಲ್ಲಿ ಒಂದು ಬಿಳಿ! ಅಷ್ಟೂ ಕಿತ್ತಳು. ಪಕ್ಕದ ಟ್ರೇಗಳ ಗುಳಿಗಳಲ್ಲಿ ಕೈತಪ್ಪಿ ಎರಡೆರಡು ಬೀಜ ಬಿದ್ದು ಹೆಚ್ಚುವರಿ ಹುಟ್ಟಿದ್ದ ಕೆಂಪು ಸಸಿಗಳನ್ನು ಪುಡಿ ಸಮೇತ ಎತ್ತಿ ತಂದು ತೂತು ತುಂಬಿದಳು. ಕಿತ್ತವು ಚೀಲದಲ್ಲಿ ಗೊಬ್ಬರದ ಗುಂಡಿಗೆ ಹೋದವು.

ಮೇಡಂ ಮರಳಿದ ದಿನ ಗಾಜಿನಮನೆಯಲ್ಲಿ ದೊಡ್ಡ ಗಲಭೆ. ಅವರು ಒಂದು ಟ್ರೇ ನೋಡಿದರು, ಇನ್ನೊಂದು ನೋಡಿದರು, ಕೊನೆಯವರೆಗೂ ಓಡಾಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಒಂದೇ ಒಂದು ಬಿಳಿ ಇಲ್ಲ! ಅಷ್ಟೂ ತಾಯಂದಿರು ಶುದ್ಧ! ನಂಬೋಕೇ ಆಗ್ತಿಲ್ಲ ನಂಗೆ. ಕತ್ತರಿ ತನ್ನಿ, ಇವತ್ತೇ ಕುಡಿ ತೆಗೆಯೋಣ."

ಹುಡುಗಿಯರು ಚಪ್ಪಾಳೆ ತಟ್ಟಿದರು. ಟ್ರೇ ಅಕ್ಕ ಮಾತ್ರ ತಟ್ಟಲಿಲ್ಲ. ಅವಳು ತಿರುಗಿ ಪೊಲೀಸಮ್ಮನ ಮುಖ ನೋಡಿದಳು.

ಮೇಡಂ ಅಂದು ಹೇಳಿದ್ದೆಲ್ಲ ಪೊಲೀಸಮ್ಮನ ತಲೆಗೆ ಈಗ ಒಟ್ಟಿಗೆ ಹೋಯಿತು. ತಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ತಿಳಿದಿತ್ತು. ಕುಡಿಗಳನ್ನು ಕತ್ತರಿಸಿ ನೆಟ್ಟು, ಅವು ಬೇರು ಬಿಟ್ಟು, ಹೂಬಿಟ್ಟು, ಅವುಗಳ ಬೀಜ ಯಾರ್ಯಾರದೋ ಹಿತ್ತಲು ಸೇರಿ, ಅಲ್ಲಿ ಬಿಳಿ ಹುಟ್ಟುವ ಹೊತ್ತಿಗೆ ಯಾರು ಯಾರನ್ನು ಕೇಳುತ್ತಾರೆ? ಮೇಡಂ ಎಷ್ಟು ಖುಷಿಯಾಗಿದ್ದಾರೆ. ಆ ಖುಷಿಯನ್ನು ಅವಳು ಬಲ್ಲಳು. ನೆರೆಯವರು "ಸಾಧು ಮಗು" ಎಂದಾಗ ತಾನೂ ಹಾಗೇ ಖುಷಿಪಡುತ್ತಿದ್ದಳು.

"ಮೇಡಂ," ಎಂದಳು. ಆ ಮೆಲುದನಿ ಚಪ್ಪಾಳೆಯ ನಡುವೆ ಕೇಳಿಸಲಿಲ್ಲ. ಮತ್ತೊಮ್ಮೆ, "ಮೇಡಂ, ಕತ್ತರಿ ಹಾಕ್ಬೇಡಿ. ಬಿಳೀದು ಹುಟ್ಟಿತ್ತು. ನಾನೇ ಕಿತ್ತೆ."

"ಎಷ್ಟು?"

"ಇದ್ದಷ್ಟೂ."

"ಯಾವ ಟ್ರೇಲಿ?"

"ಸುಮಾರು ಟ್ರೇಲಿ. ಯಾವುದು ಅಂತ ಈಗ ಹೇಳೋಕಾಗಲ್ಲ. ತೂತು ತುಂಬೋಕೆ ಅಕ್ಕಪಕ್ಕದ್ದು ತಂದು ನೆಟ್ಟಿದ್ದೀನಿ. ಎಲ್ಲಾ ಕಲಸಿಹೋಗಿದೆ."

ಮೇಡಂ ಬೋರಲು ಹಾಕಿದ್ದ ಒಂದು ಬುಟ್ಟಿಯ ಮೇಲೆ ಕುಳಿತುಬಿಟ್ಟರು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡರು ಎಲ್ಲರೂ. ಮೇಡಂ ಕುಂಚದ ತುದಿಯನ್ನು ಅಂಗೈಗೆ ಒತ್ತಿಕೊಂಡರು.

"ಯಾಕಮ್ಮ ಕಿತ್ತೆ? ಅಷ್ಟು ಹೇಳಿದ್ನಲ್ಲ."

"ಕೇಳಿಸ್ಕೊಳ್ಳಲಿಲ್ಲ ಮೇಡಂ. ಕೈ ತಾನಾಗೇ ಹೋಯ್ತು. ಬಿಳೀದು ಕಂಡ್ರೆ ತೆಗೀಬೇಕು ಅಷ್ಟೇ ಅಂತ..."

"ಅದು ಇದ್ದಿದ್ರೆ ತಾನೇ ನನಗೆ ಗೊತ್ತಾಗ್ತಿದ್ದಿದ್ದು? ನೀನು ಕಸ ಅಂತ ತೆಗೆದಿದ್ದೇ ನಂಗೆ ಬೇಕಾಗಿದ್ದ ಉತ್ತರ." ಮೇಡಂ ಎದ್ದು ಕೋಟು ಕೊಡವಿಕೊಂಡರು. "ಇಷ್ಟು ಚೆಂದ ಮಾಡಿ ಇಟ್ಟಿದ್ದೀಯಾ, ನೋಡಿದ್ರೆ ಕಣ್ಣು ತುಂಬುತ್ತೆ. ಚೆಂದ ಕಟ್ಕೊಂಡು ನಾನೇನು ಮಾಡ್ಲಿ?"

"ಮೇಡಂ, ಅವಳು ಹೇಳದೇ ಇದ್ದಿದ್ರೆ ಇಷ್ಟೊತ್ತಿಗೆ ಕತ್ತರಿ ಆಡಿರ್ತಿತ್ತು," ಎಂದಳು ಟ್ರೇ ಅಕ್ಕ, ಯಾರನ್ನೂ ನೋಡದೆ.

"ಅದೂ ನಿಜ. ಬೀಜ ಅರ್ಧ ಡಬ್ಬೀಲಿದೆ, ಮತ್ತೆ ಬಿತ್ತೋಣ. ನೋಡ್ಕೊಳ್ಳೋದು ಇವಳೇ. ಇವಳಷ್ಟು ಕಣ್ಣು ಇನ್ಯಾರಿಗಿದೆ? ಆದ್ರೆ ಈ ಸಲ ಕೈ ಕಟ್ಕೊಂಡು ನೋಡ್ಬೇಕು."

ಪೊಲೀಸಮ್ಮ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ. ಬಂದದ್ದು ಮಗಳ ಮುಖ. ಹುಬ್ಬು ನೋಡಿ ತಿರುಗುವ ಆ ಪುಟ್ಟ ತಲೆ. ತಾನು ಮನೆಯಲ್ಲೂ ಇದನ್ನೇ ಮಾಡುತ್ತಿದ್ದೇನಲ್ಲ, ಎಲ್ಲೆಲ್ಲಿ ತೂತು ಕಾಣುತ್ತದೋ ಅಲ್ಲೆಲ್ಲ ಓಡಿಹೋಗಿ ತುಂಬುತ್ತಿದ್ದೇನಲ್ಲ. ಯಾರಿಗೂ ಏನೂ ಕಾಣದ ಮೇಲೆ ಮಗುವಿಗೆ ಯಾರು ಏನು ಮಾಡಿಯಾರು?

ಗಂಡನಿಗೆ ಫೋನು ಮಾಡಿದಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟುಗಳನ್ನೆಲ್ಲ ಸರಿಮಾಡುವ ಅವನು ಇದ್ದ ಕಟ್ಟಡದ ಲಿಫ್ಟು ಮಾತ್ರ ಸದಾ ಕೆಟ್ಟಿರುತ್ತಿತ್ತು. ಯಾವುದೋ ಎರಡು ಮಹಡಿಗಳ ನಡುವಿನಿಂದ ಅವನ ದನಿ ಗವಿಯೊಳಗಿನಿಂದ ಬಂದಂತೆ ಬಂತು.

"ಏನಾಯ್ತು?"

"ರೀ, ಗುಬ್ಬಿಗೆ ಕಿವಿ ಕೇಳಿಸ್ತಿಲ್ಲ ಅನ್ಸುತ್ತೆ."

ಅತ್ತ ಸ್ಪ್ಯಾನರು ಕೆಳಗಿಟ್ಟ ಸದ್ದಾಯಿತು. "ನಂಗೂ ಅನ್ಸಿತ್ತು," ಎಂದ.

"ಯಾವಾಗಿಂದ?"

"ನೀನು ಕಾಲಲ್ಲಿ ನೆಲ ತಟ್ತೀಯಲ್ಲ, ಅದು ನೋಡಿದಾಗಿಂದ. ಹೇಳಿದ್ರೆ ನೀನು ಎದೆ ಒಡ್ಕೊಳ್ತೀಯಾ ಅಂತ ಸುಮ್ನಿದ್ದೆ. ನಾಳೆ ರಜಾ ಹಾಕ್ತೀನಿ, ಹೋಗೋಣ."

ಪರೀಕ್ಷೆಯ ಕೋಣೆಯ ಗೋಡೆಗಳಿಗೆಲ್ಲ ಮೆತ್ತನೆಯ ಹೊದಿಕೆ. ಮಗುವನ್ನು ಅಪ್ಪನ ತೊಡೆಯ ಮೇಲೆ ಕೂರಿಸಿದರು. ಎಡಕ್ಕೊಂದು ಬಲಕ್ಕೊಂದು ಸದ್ದಿನ ಪೆಟ್ಟಿಗೆ. ಸದ್ದು ಬಂದ ಕಡೆ ಮಗು ತಿರುಗಿದರೆ ಒಂದು ಆಟಿಕೆಯ ಕೋತಿ ಬೆಳಕು ಹಾಕಿಕೊಂಡು ಕುಣಿಯುತ್ತದೆ. ಪರೀಕ್ಷೆ ಮಾಡುವ ಹುಡುಗಿ ಗಾಜಿನಾಚೆ ಕುಳಿತು ಗುಂಡಿ ಒತ್ತಿದಳು. ಮಗು ಎಡಕ್ಕೆ ತಿರುಗಿತು. ಮತ್ತೆ ಒತ್ತಿದಳು. ಬಲಕ್ಕೆ ತಿರುಗಿತು. ಪೊಲೀಸಮ್ಮನ ಎದೆ ಹಗುರಾಗುವಷ್ಟರಲ್ಲಿ ಹುಡುಗಿ ಬಾಗಿಲು ತೆರೆದು ಒಳಗೆ ಬಂದಳು.

"ಅಮ್ಮಾ, ಮಗು ಸದ್ದು ಕೇಳಿ ತಿರುಗ್ತಿಲ್ಲ, ನಿಮ್ಮ ಕಣ್ಣು ನೋಡಿ ತಿರುಗ್ತಿದೆ. ನೀವು ಅದರ ಹಿಂದೆ ಕೂತ್ಕೊಳ್ಳಿ. ಏನೂ ಸಹಾಯ ಮಾಡ್ಬೇಡಿ, ಆಯ್ತಾ?"

ಅವಳು ಹಿಂದಕ್ಕೆ ಹೋಗಿ ಕುಳಿತಳು. ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಕಾಲು ನೆಲಕ್ಕೆ ತಾಗದಂತೆ ಎತ್ತಿ ಕುರ್ಚಿಯ ಅಡ್ಡಪಟ್ಟಿಗೆ ಸಿಕ್ಕಿಸಿಕೊಂಡಳು. ಸದ್ದು ಬಂತು. ಗುಬ್ಬಿ ಅಪ್ಪನ ಅಂಗಿಯ ಗುಂಡಿ ತಿರುಗಿಸುತ್ತಿತ್ತು. ಸದ್ದು ಜೋರಾಯಿತು. ಗುಬ್ಬಿಗೆ ಗುಂಡಿಯದೇ ಧ್ಯಾನ. ಇನ್ನೂ ಜೋರಾಯಿತು, ಬಾಗಿಲು ಬಡಿದಷ್ಟು ಜೋರು. ಆಗ ಮಗು ತಲೆಯೆತ್ತಿತು. ಕೋತಿ ಕುಣಿಯಿತು. ಮಗು ಕಿಲಕಿಲನೆ ನಕ್ಕಿತು. ಅದಕ್ಕಿಂತ ಉದ್ದದ ಗಳಿಗೆಯನ್ನು ತನ್ನ ಜನ್ಮದಲ್ಲಿ ಕಂಡಿಲ್ಲ ಎಂದು ಅವಳು ಆಮೇಲೆ ಟ್ರೇ ಅಕ್ಕನಿಗೆ ಹೇಳಿದಳು. ಹೆರಿಗೆಯೂ ಅಷ್ಟು ಉದ್ದವಿರಲಿಲ್ಲವಂತೆ.

ಇನ್ನೂ ಕೆಲವು ಪರೀಕ್ಷೆಗಳಾದವು, ಮೂವರದೂ ರಕ್ತ ತೆಗೆದರು. ಕೊನೆಗೆ ಡಾಕ್ಟರು ವಿವರಿಸಿದರು. ಎರಡೂ ಕಿವಿಯಲ್ಲಿ ಕೇಳುವ ಶಕ್ತಿ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಕಿವಿಗೆ ಮಷೀನು ಹಾಕಿ, ಮಾತು ಕಲಿಸುವವರ ಹತ್ತಿರ ಬಿಡದೆ ಕರೆತಂದರೆ ಮಾತು ಬರುತ್ತದೆ. ಇದು ಹುಟ್ಟಿನಿಂದ ಬಂದದ್ದು, ತಂದೆ ತಾಯಿ ಇಬ್ಬರಿಂದಲೂ. ಇಬ್ಬರಿಗೂ ಕಿವಿ ಚೆನ್ನಾಗಿಯೇ ಇರುವುದರಿಂದ ಗೊತ್ತಾಗಿರುವುದಿಲ್ಲ ಎಂದು ಡಾಕ್ಟರು ಚಿತ್ರ ಬರೆದು ತೋರಿಸಹೊರಟಾಗ ಪೊಲೀಸಮ್ಮ "ಗೊತ್ತು ಸಾರ್" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

ಮನೆಯಲ್ಲಿ ಅತ್ತೆ ಒಪ್ಪಲಿಲ್ಲ.

"ಕಿವುಡಾ? ಯಾವನು ಹೇಳಿದ್ದು? ನಾನು ಕೂಗಿದ್ರೆ ಓಡಿ ಬರ್ತಾಳಲ್ಲ!"

"ನೀನು ಕೂಗಿದ್ರೆ ಬೀದಿಯೇ ಓಡಿ ಬರುತ್ತೆ ಅಮ್ಮ," ಎಂದ ಮಗ.

"ನಗಬೇಡ ನೀನು! ನಮ್ಮ ವಂಶದಲ್ಲಿ ಯಾರಿಗೂ ಹೀಗಿಲ್ಲ. ಇದೇನಿದ್ರೂ ಆ ಕಡೆಯಿಂದ ಬಂದಿರ್ಬೇಕು." ಆ ಕಡೆ ಎಂದರೆ ಸೊಸೆಯ ತವರು.

"ಒಂದೇ ಕಡೆಯಿಂದ ಬರೋಕಾಗಲ್ಲ ಅತ್ತೆ," ಎಂದಳು ಸೊಸೆ. "ನಮ್ಮ ಹೂವಿನ ಹಾಗೆ. ಎರಡು ಕೆಂಪು ಗಿಡಕ್ಕೆ ಬಿಳಿ ಮಗು ಹುಟ್ಬೇಕಾದ್ರೆ ಎರಡರ ಹೊಟ್ಟೇಲೂ ಬಿಳಿ ಅಡಗಿರ್ಬೇಕು. ಒಂದರಲ್ಲಿ ಮಾತ್ರ ಇದ್ರೆ ಹೊರಗೆ ಬರಲ್ಲ. ನನ್ನಲ್ಲೂ ಇತ್ತು, ಇವರಲ್ಲೂ ಇತ್ತು."

ಅತ್ತೆಯ ಮುಖ ಕೆಂಪೇರಿತು. "ನೀನು ಕಿತ್ತು ಬಿಸಾಕೋ ಗಿಡಕ್ಕೆ ನನ್ನ ಮೊಮ್ಮಗಳನ್ನ ಹೋಲಿಸ್ತೀಯಾ?"

ಸೊಸೆ ಎಂದಿಗಿಂತ ಗಟ್ಟಿಯಾಗಿ ಹೇಳಿದಳು. "ಇಲ್ಲ ಅತ್ತೆ. ಗಿಡ ಕೀಳ್ತೀವಿ, ಮಕ್ಕಳನ್ನ ಬೆಳೆಸ್ತೀವಿ. ಬರೋ ದಾರಿ ಒಂದೇ ಅಂದೆ, ಅಷ್ಟೇ."

ಅತ್ತೆ ಮುಖ ಊದಿಸಿಕೊಂಡು ಅಡುಗೆಮನೆಗೆ ಹೋದರು. ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಆ ಸದ್ದು ನಡುವೆ ಒಮ್ಮೆ ನಿಂತಿತು. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ನಮ್ಮ ದೊಡ್ಡಪ್ಪ ಒಬ್ಬ ಇದ್ದ," ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ಆ ಮನೆ ಕೇಳಿರಲಿಲ್ಲ. "ಯಾರು ಏನು ಕರೆದ್ರೂ ಓ ಅಂತಿರಲಿಲ್ಲ. ಮಾತೂ ಕಮ್ಮಿ. ಕಿವುಡ ಅಂತ ಯಾರೂ ಅಂದಿದ್ದಿಲ್ಲ. ಸೊಕ್ಕು ಅಂತಿದ್ರು ಮನೇಲಿ. ನಾವು ಮಕ್ಕಳೂ ಹಿಂದೆ ನಿಂತು ಅಣಕಿಸ್ತಿದ್ವಿ."

ಅತ್ತೆ ಸೌಟನ್ನು ನೋಡಿಕೊಂಡು, "ಪಾಪ, ಸೊಕ್ಕಿರಲಿಲ್ಲ ಅವನಿಗೆ," ಎಂದು ಒಳಗೆ ಹೋದರು. ಮರುದಿನ ಮಷೀನಿನ ಅಳತೆಗೆ ಮಗುವನ್ನು ಕರೆದುಕೊಂಡು ಹೊರಟಾಗ ಕೆಟ್ಟ ಲಿಫ್ಟನ್ನು ಬೈಯುತ್ತ ಮೆಟ್ಟಿಲಿಳಿದವರಲ್ಲಿ ಅವರೇ ಮೊದಲಿಗರು.

ಗಾಜಿನಮನೆಯಲ್ಲಿ ಎರಡನೆಯ ಸಲದ ಸಸಿಗಳು ಮೇಲೆದ್ದಿದ್ದವು. ಪೊಲೀಸಮ್ಮ ದಿನವೂ ಸಾಲಿನ ಉದ್ದಕ್ಕೆ ಕೈ ಹಿಂದಕ್ಕೆ ಕಟ್ಟಿಕೊಂಡು ನಡೆದಳು. ಬೆರಳು ತುರಿಸುತ್ತಿತ್ತು. "ಪೊಲೀಸಮ್ಮನನ್ನೇ ಕೈಕೋಳ ಹಾಕಿ ಮೆರವಣಿಗೆ ಮಾಡ್ತಿದ್ದಾರೆ ನೋಡ್ರೇ," ಎಂದು ಟ್ರೇ ಅಕ್ಕ ಎಲ್ಲರನ್ನೂ ನಗಿಸಿದಳು. ಬಿಳಿಯವು ತಮ್ಮ ಪಾಡಿಗೆ ತಾವು ಬೆಳೆದವು. ಸುಮಾರು ಟ್ರೇಗಳಲ್ಲಿ ಇದ್ದವು. ಆದರೆ ಕೆಲವು ಟ್ರೇಗಳು ಎಷ್ಟು ಕಾದರೂ ಕೆಂಪಾಗಿಯೇ ಉಳಿದವು, ಯಾರ ಕೈ ತಾಗದೆಯೂ ಕೆಂಪು. ಮೇಡಂ ಆ ತಾಯಿ ಗಿಡಗಳ ಮುಂದೆ ನಿಂತು ಕುಡಿ ಕತ್ತರಿಸುವಾಗ ಕತ್ತರಿಯನ್ನು ಅವಳ ಕೈಗೇ ಕೊಟ್ಟರು. ಲೆಕ್ಕ ಮುಗಿದ ಮೇಲೆ ಬಿಳಿ ಸಸಿಗಳನ್ನೂ ಅವಳೇ ಕಿತ್ತಳು. ಅದರಲ್ಲಿ ಅವಳಿಗೆ ಯಾವ ಮರುಕವೂ ಆಗಲಿಲ್ಲ. ಅವು ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಗುಬ್ಬಿಯ ಮಷೀನು ಹುಣಸೆ ಬೀಜಕ್ಕಿಂತ ಕೊಂಚ ದೊಡ್ಡದು, ಕಿವಿಯ ಹಿಂದೆ ಕೂರುವಂಥದ್ದು. ಮೊದಲ ವಾರ ಮಗು ಅದನ್ನು ಕಿತ್ತೆಸೆದದ್ದೇ ಎಸೆದದ್ದು. ಒಮ್ಮೆ ಅಪ್ಪನ ಶೂ ಒಳಗೆ ಸಿಕ್ಕಿತು, ಇನ್ನೊಮ್ಮೆ ನೀರಿನ ಬಕೆಟ್ಟಿನ ಅಂಚಿನಲ್ಲಿ. ಪೊಲೀಸಮ್ಮ ಗಾಬರಿಯಲ್ಲಿ ಮನೆಯ ಬಕೆಟ್ಟುಗಳನ್ನೆಲ್ಲ ಬೋರಲು ಹಾಕಿದಳು. ಆಮೇಲೆ ಮಗುವಿಗೆ ಏನು ಹೊಳೆಯಿತೋ, ಹಾಗೇ ಬಿಟ್ಟುಕೊಂಡಿತು. ಚಮಚದಿಂದ ಗೋಡೆ ಬಡಿದು ನೋಡಿತು, ತಟ್ಟೆ ಬಡಿದು ನೋಡಿತು, ಅಪ್ಪನ ಬೆನ್ನು ಬಡಿದು ನೋಡಿತು. ಅಮ್ಮ ಹಿಂದಿನಿಂದ, ತನ್ನದೇ ಮೆಲುದನಿಯಲ್ಲಿ, ಕಾಲು ಅಲುಗಿಸದೆ, "ಗುಬ್ಬಿ" ಎಂದಳು. ಮಗು ತಿರುಗಿತು. ಎಲ್ಲಿಂದ ಬಂತು ಈ ಸದ್ದು ಎಂಬಂತೆ ಅಮ್ಮನ ಬಾಯಿಗೆ ಬೆರಳು ಹಾಕಿ ನೋಡಿತು. ಅವಳು ಆ ಬೆರಳನ್ನು ಹಾಗೇ ತುಟಿಯಲ್ಲಿ ಹಿಡಿದುಕೊಂಡು ಕುಳಿತಳು. ಕೊಳೆ ಬೆರಳು ಎಂಬುದು ಆಗ ನೆನಪಾಗಲಿಲ್ಲ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಎಂದಿನ ಗಂಟಲಿನಲ್ಲಿ "ಗುಬ್ಬೀ! ಊಟಕ್ಕೆ ಬಾರೇ!" ಎಂದರು. ಗುಬ್ಬಿ ಮುಖ ಕಿವುಚಿಕೊಂಡು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿತು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನೋಡ್ರೋ ಇವಳನ್ನ! ನನ್ನ ಮಾತು ಬೇಡವಂತೆ ಇವಳಿಗೆ! ಥೇಟ್ ಅಪ್ಪನ ಬುದ್ಧಿ!" ಎಂದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಗಂಟಲು ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

"ಸ್ವಲ್ಪ ಮೆಲ್ಲಗೆ ಅತ್ತೆ," ಎಂದಳು ಪೊಲೀಸಮ್ಮ. "ಈಗ ಕೇಳಿಸುತ್ತೆ ಅವಳಿಗೆ."